ಸ್ಟೆತಾಸ್ಕೋಪ್ ಪಕ್ಕಕ್ಕಿಟ್ಟು: ಜರುಗಿದ ಬಾವಿ

ದೀಪಾವಳಿಗೆ ಇನ್ನು ಆರು ವಾರ ಇದೆ ಎನ್ನುವಾಗ ನಮ್ಮ ಸಂಪಾದಕರು ತಪ್ಪದೆ ಫೋನ್ ಮಾಡುತ್ತಾರೆ. "ಡಾಕ್ಟ್ರೇ, ಸ್ಮರಣ ಸಂಚಿಕೆಯಲ್ಲಿ ನಿಮ್ಮ ಪುಟ ಖಾಲಿ ಇಟ್ಟಿದ್ದೀನಿ. ಈ ಸಲ ಏನು? ಕೊಲೆಸ್ಟ್ರಾಲೋ, ಮಂಡಿ ನೋವೋ?" ಅಂತ ಕೇಳಿದರು. "ಈ ಸಲ ಭೂಪಟ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಅದು ಯಾವ ಕಾಯಿಲೆ ಸಾರ್?" ಎಂದರು ಕೊನೆಗೆ.

ಕಾಯಿಲೆಯೇ ಹೌದು. ನಮ್ಮ ಮನೆಗೆ ಬಂದಿತ್ತು, ಹನ್ನೊಂದು ದಿನ ಇತ್ತು. ಅದನ್ನು ಮನೆಗೆ ತಂದವನು ನನ್ನ ಮಗ, ಮದ್ದು ಕಂಡುಹಿಡಿದವನೂ ಅವನೇ. ನಡುವೆ ಅದನ್ನು ಉಲ್ಬಣ ಮಾಡಿದ ಕೀರ್ತಿ ಮಾತ್ರ ಎಂ.ಬಿ.ಬಿ.ಎಸ್., ಎಂ.ಡಿ. ಓದಿದ ನನಗೆ ಸಲ್ಲಬೇಕು. ಊರಿನಲ್ಲಿ ಹೊಲ ಮನೆ ಇರುವ, ಅದನ್ನು ನೋಡಿಕೊಳ್ಳುವ ಅಣ್ಣನೋ ತಮ್ಮನೋ ತಂಗಿಯೋ ಇರುವ ಓದುಗರು ಈ ಪುಟವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರಿಕೆ.

ಬಾವಿ ಯಾರದು?

ನಮ್ಮೂರು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಅಪ್ಪ 2021ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು ಒಂದೇ ತುಂಡಾಗಿರುವ ಒಂಬತ್ತು ಎಕರೆ ಜಮೀನು. ಅದರ ವಾಯವ್ಯ ಮೂಲೆಯಲ್ಲಿ ಅವರೇ ನಿಂತು ತೋಡಿಸಿದ ಬಾವಿ, ಪಕ್ಕದಲ್ಲಿ ಪಂಪ್‌ಸೆಟ್ ಮನೆ, ಸುತ್ತ ನಲವತ್ತು ತೆಂಗಿನ ಮರ. ಉಳಿದದ್ದೆಲ್ಲ ರಾಗಿ, ಹುರುಳಿ ಬೆಳೆಯುವ ಹೊಲ. ವಾಯವ್ಯಕ್ಕೆ ಒತ್ತಿಕೊಂಡು ಇನ್ನೊಂದು ಎರಡು ಎಕರೆ ಇದೆ. ಅದನ್ನು ನನ್ನ ತಮ್ಮ ತನ್ನ ಸ್ವಂತ ದುಡಿಮೆಯಲ್ಲಿ ಕೊಂಡದ್ದು, ಅದು ಅವನ ಹೆಸರಿನಲ್ಲೇ ಇದೆ. ಅದರ ಬಗ್ಗೆ ಯಾರಿಗೂ ತಕರಾರಿಲ್ಲ.

2022ರ ಚಳಿಗಾಲದಲ್ಲಿ, "ಅಣ್ಣಯ್ಯ, ಖಾತೆ ಪಹಣಿ ಎಲ್ಲ ಒಂದು ಸಲ ಸರಿ ಮಾಡಿಸಿಬಿಡೋಣ" ಎಂದು ತಮ್ಮನೇ ಹೇಳಿದ. ತಾಲ್ಲೂಕು ಕೇಂದ್ರದಲ್ಲಿ ಅಳತೆ ಕೆಲಸ ಮಾಡುವ ಒಬ್ಬರಿಂದ ಜಮೀನಿನ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿಸಿ, ಆ ಫೈಲನ್ನು ನನಗೆ ಇಮೇಲ್ ಮಾಡಿಸಿದ. ನನ್ನ ಮಗ ಆಗ ಇಲ್ಲಿನ ಯೂನಿವರ್ಸಿಟಿಯಲ್ಲಿ ಭೂಗೋಳ ಓದುತ್ತಿದ್ದ. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಿದ್ದವನು "ಕೊಡಿ ಅಪ್ಪ, ಎರಡು ನಿಮಿಷದ ಕೆಲಸ" ಎಂದು ಲ್ಯಾಪ್‌ಟಾಪಿನಲ್ಲಿ ಉಪಗ್ರಹ ಚಿತ್ರ ಹರಡಿ, ಅದರ ಮೇಲೆ ನಮ್ಮ ಜಮೀನಿನ ಗೆರೆಗಳನ್ನು ಕೂರಿಸಿದ. ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ಇವುಗಳನ್ನು ಪದರ ಎನ್ನುತ್ತಾರಂತೆ.

ನೋಡಿದರೆ ಬಾವಿ ಗೆರೆಯ ಹೊರಗಿತ್ತು! ಪಂಪ್‌ಸೆಟ್ ಮನೆ ಹೊರಗಿತ್ತು. ನಲವತ್ತು ತೆಂಗಿನ ಮರವೂ ಹೊರಗೆ. ಎಲ್ಲವೂ ವಾಯವ್ಯದ ಕಡೆಗೆ, ಅಂದರೆ ತಮ್ಮನ ಎರಡು ಎಕರೆ ಇರುವ ಕಡೆಗೆ. ಬಿಸಿಲಿಗೆ ಒಣಗಿದ ಹೊಲಗಳೆಲ್ಲ ಮೇಲಿನಿಂದ ನೋಡಿದಾಗ ಒಂದೇ ಬಣ್ಣ. ಗುರುತು ಹಿಡಿಯಲು ಇದ್ದದ್ದು ಆ ಹಸಿರು ತೋಟ ಒಂದೇ. ಅದು ನಮ್ಮದಲ್ಲ ಎಂದು ಪರದೆ ಹೇಳುತ್ತಿತ್ತು.

ನಾನು ಮಾಡಬಾರದ ಕೆಲಸ ಮಾಡಿದೆ. ತಕ್ಷಣ ಫೋನ್ ಹಚ್ಚಿದೆ. ಅಲ್ಲಿ ಆಗ ರಾತ್ರಿ ಹನ್ನೊಂದೂವರೆ. ನಿದ್ದೆಗಣ್ಣಿನಲ್ಲಿ ಎದ್ದು ಬಂದವನನ್ನು ಕೇಳಿದೆ: "ಅಪ್ಪ ತೋಡಿಸಿದ ಬಾವಿ ನಿನ್ನ ಜಮೀನಿಗೆ ಹೇಗೋ ಬಂತು?"

ಅವನು ಜಗಳ ಆಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾವಿ ಎಲ್ಲೂ ಹೋಗಿಲ್ಲ ಅಣ್ಣಯ್ಯ. ನೀನೇ ಬಂದು ನೋಡು" ಎಂದು ಹೇಳಿ ಫೋನ್ ಇಟ್ಟ. ಪ್ರತಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಅವನ ಫೋನ್ ಆ ಭಾನುವಾರ ಬರಲಿಲ್ಲ. ಕ್ರಿಸ್‌ಮಸ್ ಊಟಕ್ಕೆ ಕೂತಾಗ ನನ್ನಾಕೆ ಕೇಳಿದಳು: "ಅಳೆದವರನ್ನು ಏನಾದರೂ ಕೇಳಿದಿರಾ, ಇಲ್ಲ ಸುಮ್ಮನೆ ಅವರ ಮೇಲೆ ಬಿದ್ದಿರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಊರೇ ಜರುಗಿತು

ಹತ್ತನೆಯ ದಿನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಮುಖ ಸಣ್ಣಗಾಗಿತ್ತು. ಆ ಫೈಲಿನಲ್ಲಿ ನಮ್ಮ ಜಮೀನಿನ ಗೆರೆ ಮಾತ್ರ ಇರಲಿಲ್ಲ. ಊರಿನ ದೇವಸ್ಥಾನ, ಶಾಲೆ, ಕೆರೆ ಏರಿ, ಬಸ್ ರಸ್ತೆ ಇವೂ ಬೇರೆ ಪದರಗಳಾಗಿ ಇದ್ದವು. ಮೊದಲ ದಿನ ಅವನು ಅವನ್ನು ತೆರೆದೇ ಇರಲಿಲ್ಲ. ಈಗ ತೆರೆದು ನೋಡಿದರೆ ದೇವಸ್ಥಾನ ಯಾರದೋ ಹೊಲದ ನಡುವೆ ಕೂತಿತ್ತು. ಕೆರೆ ಏರಿ ನೀರಿನಿಂದ ಹೊರಗೆ ಬಂದು ಮಲಗಿತ್ತು. ಶಾಲೆಯೂ ಬಸ್ ರಸ್ತೆಯೂ ಅಷ್ಟೇ ದೂರ, ಅದೇ ದಿಕ್ಕಿಗೆ, ಅಂದರೆ ಆಗ್ನೇಯಕ್ಕೆ ಜರುಗಿದ್ದವು. ಅಳೆದು ನೋಡಿದ: ನೂರೈವತ್ತು ಮೀಟರಿಗೂ ಹೆಚ್ಚು.

ಇಡೀ ಊರು, ದೇವರು ಸಮೇತ, ನನ್ನ ತಮ್ಮನ ಜೊತೆ ಸೇರಿ ಪಿತೂರಿ ಮಾಡಿತ್ತೇ?

ವೈದ್ಯಕೀಯದ ಮೊದಲ ವರ್ಷಗಳಲ್ಲೇ ನಮಗೆ ಒಂದು ಪಾಠ ಹೇಳುತ್ತಾರೆ. ವಾರ್ಡಿನಲ್ಲಿ ಒಬ್ಬ ರೋಗಿಯ ಜ್ವರ ಏರಿದರೆ ರೋಗಿಯನ್ನು ನೋಡು. ಇಪ್ಪತ್ತು ಜನರ ಜ್ವರವೂ ಒಂದೇ ಬೆಳಿಗ್ಗೆ ಎರಡೆರಡು ಡಿಗ್ರಿ ಏರಿದರೆ ಥರ್ಮಾಮೀಟರನ್ನು ನೋಡು. ಬಾವಿ ಒಂದೇ ಜರುಗಿದ್ದರೆ ಮನುಷ್ಯರನ್ನು ಅನುಮಾನಿಸಬಹುದಿತ್ತು. ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಜರುಗಿದರೆ ಮನುಷ್ಯರದ್ದಲ್ಲ, ಅಳತೆಗೋಲಿನ ಕಥೆ. ಮೂವತ್ತು ವರ್ಷ ರೋಗಿಗಳ ಮೇಲೆ ಬಳಸಿದ ಈ ಬುದ್ಧಿ ತಮ್ಮನ ವಿಷಯದಲ್ಲಿ ನನಗೆ ಬರಲಿಲ್ಲ.

ನೂರ ಇಪ್ಪತ್ತಾರು ಎಂದರೆ ಎಷ್ಟು?

ಏನಾಗಿತ್ತು ಎನ್ನುವುದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಊರಿನಿಂದ ಅಪ್ಪ ಅಮ್ಮಂದಿರು ಇಲ್ಲಿಗೆ ಬಂದಾಗ ನಿಮ್ಮಲ್ಲಿ ಅನೇಕರು ಅವರ ಸಕ್ಕರೆ ರಿಪೋರ್ಟ್ ನನಗೆ ತೋರಿಸಿದ್ದೀರಿ. ಅಲ್ಲಿ ಬರೆದಿರುವುದು 126. ಇಲ್ಲಿ ಬ್ರಿಟನ್ನಿನ ಆಸ್ಪತ್ರೆಯಲ್ಲಿ ಅದೇ ರಕ್ತಕ್ಕೆ 7.0 ಎಂದು ಬರೆಯುತ್ತಾರೆ. ಅಲ್ಲಿಯದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ, ಇಲ್ಲಿಯದು ಲೀಟರಿಗೆ ಇಷ್ಟು ಮಿಲಿಮೋಲ್. ಅಲ್ಲಿನ ಅಂಕಿಯನ್ನು ಹದಿನೆಂಟರಿಂದ ಭಾಗಿಸಿದರೆ ಇಲ್ಲಿನ ಅಂಕಿ. ರಕ್ತ ಒಂದೇ, ಸಕ್ಕರೆ ಒಂದೇ, ಅಂಕಿ ಎರಡು, ಎರಡೂ ಸರಿ.

ಈಗ ಯಾರೋ ಆ ರಿಪೋರ್ಟಿನಿಂದ ಅಳತೆಯ ಹೆಸರನ್ನು ಅಳಿಸಿ ಬರೀ 126 ಎಂದು ನನ್ನ ಕೈಗೆ ಕೊಟ್ಟರು ಅನ್ನಿ. ಇಲ್ಲಿನ ಅಭ್ಯಾಸದಂತೆ ನಾನು ಅದರ ಮುಂದೆ ಮಿಲಿಮೋಲ್ ಎಂದು ಬರೆದುಬಿಟ್ಟರೆ, ಎದುರಿಗೆ ಕೂತು ಕಾಫಿ ಕುಡಿಯುತ್ತಿರುವ ನಿಮ್ಮ ತಾಯಿ ನನ್ನ ಕಾಗದದ ಪ್ರಕಾರ ಎಚ್ಚರ ತಪ್ಪಿ ಬಿದ್ದಿರಬೇಕಾದವರು! ತಪ್ಪು ಅಂಕಿಯದ್ದಲ್ಲ, ನಾನು ಅಂಟಿಸಿದ ಚೀಟಿಯದ್ದು. ಚೀಟಿ ಬದಲಿಸುವುದು ಬೇರೆ, ಲೆಕ್ಕ ಹಾಕಿ ಅಂಕಿ ಬದಲಿಸುವುದು ಬೇರೆ.

ನಕ್ಷೆಯಲ್ಲೂ ಇದೇ. ಅಕ್ಷಾಂಶ, ರೇಖಾಂಶ ಎಂದು ಶಾಲೆಯಲ್ಲಿ ಓದಿದ್ದೆವಲ್ಲ, ಅವು ಬರೀ ಅಂಕಿಗಳು. ಎಲ್ಲಿಂದ, ಯಾವ ಆಕಾರದ ಭೂಮಿಯ ಮೇಲೆ ಅಳೆದದ್ದು ಎಂದು ಗೊತ್ತಾಗುವವರೆಗೆ ಆ ಅಂಕಿಗೆ ಅರ್ಥ ಪೂರ್ತಿ ಇಲ್ಲ. ಆ ಆಧಾರಕ್ಕೆ ಡೇಟಮ್ ಎಂದು ಹೆಸರು. ನಮಗೆ ಬಂದ ಫೈಲಿನಲ್ಲಿ ಯಾವ ಡೇಟಮ್ ಎಂದು ಬರೆದಿರಲಿಲ್ಲ. ಸಾಫ್ಟ್‌ವೇರ್ ನ್ಯಾಯವಾಗಿ ಕೇಳಿತ್ತು: "ಇದು ಯಾವ ಪದ್ಧತಿ?" ಮಗರಾಯ ಪಟ್ಟಿಯಲ್ಲಿ ಮೊದಲು ಕಂಡದ್ದನ್ನು, ಅಂದರೆ ಇಂದಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎನ್ನುವುದನ್ನು ಒತ್ತಿ ಮುಂದೆ ಹೋಗಿದ್ದ. ಆದರೆ ಆ ನಕ್ಷೆ ಮಾಡಿದವರು ಊರಿನ ಹಳೆಯ ಗ್ರಾಮ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಹಳೆಯ ಟೋಪೋಶೀಟ್ ಒಂದರ ಮೇಲೆ ಕೂರಿಸಿ, ಅಲ್ಲಿನ ಅಂಕಿಗಳನ್ನು ತೆಗೆದುಕೊಂಡಿದ್ದರು. ಆ ಹಾಳೆ ಅಳೆದದ್ದು ಎವರೆಸ್ಟ್ ಲೆಕ್ಕದಲ್ಲಿ.

ಎವರೆಸ್ಟ್ ಎಂದರೆ ಬೆಟ್ಟ ಅಲ್ಲ

ಇದು ನಮ್ಮ ನಾಡಿನ ನೆಲದ ಮೇಲೆ ನಡೆದ ಕಥೆ, ಆದ್ದರಿಂದ ಸ್ವಲ್ಪ ಹೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ, ಈ ದೇಶವನ್ನು ತ್ರಿಕೋನಗಳ ಲೆಕ್ಕದಿಂದ ಕರಾರುವಾಕ್ಕಾಗಿ ಅಳೆಯಬೇಕು ಎಂದು ಹೊರಟ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಸರಪಳಿ ಹಾಸಿ ಸುಮಾರು ಏಳೂವರೆ ಮೈಲಿ ಉದ್ದದ ಗೆರೆಯನ್ನು ಅಳೆದ. 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆ ಅಳೆದು, ಮದ್ರಾಸಿನಿಂದ ತ್ರಿಕೋನ ಹೆಣೆಯುತ್ತ ಬಂದ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಿದ. ಅವನ ಥಿಯೊಡಲೈಟ್ ಎಂಬ ಕೋನ ಅಳೆಯುವ ಯಂತ್ರ ಅರ್ಧ ಟನ್ ಭಾರ. 1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಅದು ಬಡಿದು ಜಖಂ ಆಯಿತು. ಅದನ್ನು ಲ್ಯಾಂಬ್ಟನ್ ತಾನೇ ಕೂತು ರಿಪೇರಿ ಮಾಡಿಕೊಂಡ. 1823ರಲ್ಲಿ ಅವನು ದಾರಿಯಲ್ಲೇ, ಹಿಂಗನ್‌ಘಾಟ್‌ನಲ್ಲಿ ತೀರಿಕೊಂಡ. ಅವನ ಕೆಲಸವನ್ನು ಮುಂದುವರಿಸಿ ಹಿಮಾಲಯದ ತಪ್ಪಲಿನ ತನಕ ಒಯ್ದವನು ಜಾರ್ಜ್ ಎವರೆಸ್ಟ್. ಬೆಟ್ಟಕ್ಕೆ ಹೆಸರು ಬಂದದ್ದು ಆಮೇಲೆ.

ಭೂಮಿ ಪೂರ್ತಿ ಗುಂಡಗಿಲ್ಲ, ಧ್ರುವಗಳಲ್ಲಿ ಸ್ವಲ್ಪ ಅದುಮಿದೆ. ಎಷ್ಟು ಅದುಮಿದೆ ಎನ್ನುವುದನ್ನು ಎವರೆಸ್ಟ್ ಈ ಅಳತೆಗಳಿಂದ ಲೆಕ್ಕ ಹಾಕಿ 1830ರಲ್ಲಿ ಒಂದು ಆಕಾರ ಕೊಟ್ಟ. ಭಾರತದ ನಕ್ಷೆಗಳೆಲ್ಲ ಬಹಳ ಕಾಲ ಆ ಆಕಾರದ ಮೇಲೆ ಬರೆದವು. ಈಗಿನ ಮಧ್ಯಪ್ರದೇಶದಲ್ಲಿರುವ ಕಲ್ಯಾಣಪುರ ಅದರ ಮೂಲ ಬಿಂದು. ವಿಚಿತ್ರ ನೋಡಿ, ಅದೇ 1830ರ ಹೆಸರಿನ ಇನ್ನೊಂದು ಆಕಾರವನ್ನು ಜಾರ್ಜ್ ಏರಿ ಎಂಬ ಖಗೋಳ ವಿಜ್ಞಾನಿ ಕೊಟ್ಟ. ನಾವು ಇಲ್ಲಿ ವಾಕಿಂಗ್ ಹೋಗುವಾಗ ಹಿಡಿಯುವ ಆರ್ಡ್ನೆನ್ಸ್ ಸರ್ವೆ ನಕ್ಷೆಗಳು ಅದರ ಮೇಲೆ ನಿಂತಿವೆ.

ಇವು ತಪ್ಪು ಆಕಾರಗಳಲ್ಲ. ಅಳತೆ ಕೊಟ್ಟು ಹೊಲಿಸಿದ ಅಂಗಿಗಳು. ಎವರೆಸ್ಟ್ ಹೊಲಿದದ್ದು ಭಾರತದ ಮೈಗೆ, ಏರಿ ಹೊಲಿದದ್ದು ಬ್ರಿಟನ್ನಿನ ಮೈಗೆ. ಡಬ್ಲ್ಯುಜಿಎಸ್ 84 ಎನ್ನುವುದು ಇಡೀ ಭೂಮಿಗೆ ಸೇರಿಸಿ ಹೊಲಿದ ರೆಡಿಮೇಡ್ ಅಂಗಿ. ಉಪಗ್ರಹಗಳು ಭೂಮಿಯ ದ್ರವ್ಯರಾಶಿಯ ಕೇಂದ್ರವನ್ನು ಸುತ್ತುವುದರಿಂದ ಅದರ ನಡು ಅಲ್ಲೇ ಇರಬೇಕು. ಎವರೆಸ್ಟನ ಆಕಾರದ ನಡು ಅಲ್ಲಿಂದ ಹಲವು ನೂರು ಮೀಟರ್ ಆಚೆ ಇದೆ. ಹಾಗಾಗಿ ನಮ್ಮೂರಿನ ಒಂದೇ ಬಾವಿಗೆ ಎರಡು ಪದ್ಧತಿಯಲ್ಲಿ ಕೆಲವು ಸೆಕೆಂಡುಗಳಷ್ಟು ಬೇರೆ ಅಂಕಿ ಬರುತ್ತದೆ. ಡಿಗ್ರಿಯನ್ನು ಅರವತ್ತು ನಿಮಿಷ, ನಿಮಿಷವನ್ನು ಅರವತ್ತು ಸೆಕೆಂಡು ಮಾಡಿರುವುದು ನೆನಪಿದೆಯಲ್ಲ? ಅಕ್ಷಾಂಶದ ಒಂದು ಸೆಕೆಂಡ್ ಎಂದರೆ ನೆಲದ ಮೇಲೆ ಸುಮಾರು 31 ಮೀಟರ್. ಅಷ್ಟರಲ್ಲೇ ನನ್ನ ತಮ್ಮ ಕಳ್ಳನಾದ.

2005ರ ರಾಷ್ಟ್ರೀಯ ನಕ್ಷೆ ನೀತಿಯ ಪ್ರಕಾರ ಭಾರತದಲ್ಲೂ ಸಾರ್ವಜನಿಕರಿಗೆ ಕೊಡುವ ನಕ್ಷೆಗಳು ಡಬ್ಲ್ಯುಜಿಎಸ್ 84ಕ್ಕೆ ಬಂದವು. ಆದರೆ ಹಳೆಯ ಹಾಳೆಗಳು, ಅವುಗಳಿಂದ ನಕಲು ಮಾಡಿದ ಫೈಲುಗಳು ಎಲ್ಲಿ ಹೋಗುತ್ತವೆ? ಅಟ್ಟದ ಮೇಲಿನ ಕೊಳಗ, ಸೇರುಗಳ ಹಾಗೆ ಇನ್ನೂ ಇವೆ.

ಪೂರಿ ಮತ್ತು ಕೋಲಾರ

ಡೇಟಮ್ ಒಂದು ಗೊಂದಲವಾದರೆ ಇನ್ನೊಂದು ಪ್ರಕ್ಷೇಪ, ಇಂಗ್ಲಿಷಿನವರು ಪ್ರೊಜೆಕ್ಷನ್ ಎನ್ನುವುದು. ಉಬ್ಬಿದ ಪೂರಿಯನ್ನು ಅಂಗೈಯಿಂದ ಅದುಮಿ ನೋಡಿ. ಎಲ್ಲೋ ಸುಕ್ಕಾಗುತ್ತದೆ, ಎಲ್ಲೋ ಹರಿಯುತ್ತದೆ. ಗುಂಡನೆಯ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ತರುವಾಗಲೂ ಹಾಗೇ. ಆಕಾರ ಉಳಿಸಿದರೆ ವಿಸ್ತೀರ್ಣ ಕೆಡುತ್ತದೆ, ವಿಸ್ತೀರ್ಣ ಉಳಿಸಿದರೆ ಆಕಾರ ಕೆಡುತ್ತದೆ. ಮರ್ಕೇಟರ್ 1569ರಲ್ಲಿ ಮಾಡಿದ ನಕ್ಷೆ ದಿಕ್ಕು ಉಳಿಸಿ ಹಡಗಿನವರಿಗೆ ಉಪಕಾರ ಮಾಡಿತು. ಆದರೆ ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು ಹದಿನಾಲ್ಕು ಪಟ್ಟು. ನಮ್ಮ ಫೋನಿನಲ್ಲಿ ಬೆರಳಿನಿಂದ ಎಳೆಯುವ ಬಹುತೇಕ ನಕ್ಷೆಗಳ ಹಿಂದೆ ಇರುವುದೂ ಮರ್ಕೇಟರನ ಒಂದು ರೂಪವೇ.

ಅಳತೆ ಕೆಲಸಕ್ಕೆ ಬಹಳ ಬಳಕೆಯಲ್ಲಿರುವುದು ಯುಟಿಎಂ ಎಂಬ ಪದ್ಧತಿ. ಭೂಮಿಯನ್ನು ಆರಾರು ಡಿಗ್ರಿಯ ಅರವತ್ತು ತೊಳೆಗಳಾಗಿ ಬಿಡಿಸಿ, ಒಂದೊಂದು ತೊಳೆಯನ್ನೂ ಬೇರೆ ಬೇರೆ ಚಪ್ಪಟೆ ಮಾಡುತ್ತಾರೆ. ಹೀಗೆ ಮಾಡಿದರೆ ಸುಕ್ಕು ಕಡಿಮೆ. ಆದರೆ ಪ್ರತಿ ತೊಳೆಯಲ್ಲೂ ಅಂಕಿ ಹೊಸದಾಗಿ ಶುರುವಾಗುತ್ತದೆ. ಬೆಂಗಳೂರು 43ನೇ ತೊಳೆಯಲ್ಲಿದೆ, ಕೋಲಾರ 44ರಲ್ಲಿದೆ. ಮಗ ನನಗೆ ಒಂದು ತಮಾಷೆ ತೋರಿಸಿದ. ಕೋಲಾರದ ಅಂಕಿಗಳಿಗೆ 43 ಎಂಬ ಚೀಟಿ ಅಂಟಿಸಿದ. ಅಷ್ಟೇ, ಚಿನ್ನದ ಗಣಿ ಸಮೇತ ಕೋಲಾರ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಹಾರಿ, ಮಂಗಳೂರು ದಾಟಿ, ಅರಬ್ಬೀ ಸಮುದ್ರಕ್ಕೆ ಬಿತ್ತು! ಇಂಥ ತಪ್ಪು ಒಳ್ಳೆಯದು, ನೋಡಿದ ಕೂಡಲೇ ನಗು ಬರುತ್ತದೆ. ಅಪಾಯ ಇರುವುದು ನೂರೈವತ್ತು ಮೀಟರಿನ ತಪ್ಪಿನಲ್ಲಿ. ಅದು ನಂಬುವ ಹಾಗೆ ಇರುತ್ತದೆ.

ಗ್ರೀನಿಚ್‌ನಲ್ಲಿ ನಿಂತಾಗ

ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಮಗ ನನ್ನನ್ನು ಲಂಡನ್ನಿಗೆ, ಗ್ರೀನಿಚ್ ವೀಕ್ಷಣಾಲಯಕ್ಕೆ ಕರೆದುಕೊಂಡು ಹೋದ. ನಿಮ್ಮಲ್ಲಿ ಬಹಳ ಜನ ಊರಿನಿಂದ ಬಂದ ನೆಂಟರನ್ನು ಅಲ್ಲಿಗೆ ಕರೆದೊಯ್ದು, ಒಂದು ಕಾಲು ಪೂರ್ವ ಗೋಳಾರ್ಧದಲ್ಲಿ, ಒಂದು ಕಾಲು ಪಶ್ಚಿಮ ಗೋಳಾರ್ಧದಲ್ಲಿ ಇಟ್ಟು ಫೋಟೋ ತೆಗೆಸಿಕೊಂಡಿದ್ದೀರಿ. ಆ ಗೆರೆ ಏರಿಯ ದೂರದರ್ಶಕದ ಗೆರೆ. 1884ರಲ್ಲಿ ವಾಷಿಂಗ್ಟನ್ ಸಮ್ಮೇಳನ ಅದನ್ನೇ ಜಗತ್ತಿನ ಸೊನ್ನೆ ರೇಖಾಂಶ ಎಂದು ಒಪ್ಪಿತು.

"ಈಗ ಫೋನ್ ನೋಡಿ ಅಪ್ಪ" ಎಂದ. ನೋಡಿದೆ. ಸೊನ್ನೆ ಇರಲಿಲ್ಲ. ಜಿಪಿಎಸ್‌ನ ಸೊನ್ನೆ ಸಿಗಬೇಕಾದರೆ ಪಾರ್ಕಿನಲ್ಲಿ ಇನ್ನೂ 102 ಮೀಟರ್ ಪೂರ್ವಕ್ಕೆ ನಡೆಯಬೇಕು. ನಡೆದೆವು. ಅಲ್ಲಿ ಲೋಹದ ಗೆರೆಯೂ ಇಲ್ಲ, ಫೋಟೋದ ಸಾಲೂ ಇಲ್ಲ. ಏರಿ ತನ್ನ ಯಂತ್ರವನ್ನು ನೆಟ್ಟಗೆ ನಿಲ್ಲಿಸಿದ್ದು ಆ ಜಾಗದಲ್ಲಿ ಗುರುತ್ವ ಯಾವ ಕಡೆ ಎಳೆಯುತ್ತದೋ ಅದನ್ನು ನೋಡಿಕೊಂಡು. ನೆಲದೊಳಗಿನ ಕಲ್ಲು ಮಣ್ಣಿನ ಭಾರ ಎಲ್ಲ ಕಡೆ ಒಂದೇ ಇಲ್ಲವಾದ್ದರಿಂದ ತೂಗುಗುಂಡಿನ ದಾರ ಭೂಮಿಯ ನಡುವಿಗೇ ಸರಿಯಾಗಿ ತೋರುವುದಿಲ್ಲ. ಆ ಕೂದಲೆಳೆಯ ಓರೆಯೇ 102 ಮೀಟರ್ ಆಗಿದೆ. ಏರಿ ತಪ್ಪು ಮಾಡಲಿಲ್ಲ, ಉಪಗ್ರಹವೂ ತಪ್ಪು ಮಾಡುತ್ತಿಲ್ಲ. ಇಬ್ಬರೂ ಬೇರೆ ಬೇರೆ ಕಡೆಯಿಂದ ಅಳೆಯುತ್ತಿದ್ದಾರೆ.

ಎಳೆದು ಕೂರಿಸಬೇಡಿ

ಹಾಗಾದರೆ ಸರಿ ಮಾಡುವುದು ಹೇಗೆ? ನಾನು ಮಗನಿಗೆ ಹೇಳಿದ ಮೊದಲ ಮದ್ದು: "ಆ ಗೆರೆಯನ್ನೆಲ್ಲ ಹಿಡಿದು ವಾಯವ್ಯಕ್ಕೆ ಎಳೆದುಬಿಡು, ಬಾವಿ ಒಳಗೆ ಬರುತ್ತೆ." ಅವನು ಒಪ್ಪಲಿಲ್ಲ. ಕಾರಣ ಗೊತ್ತಿಲ್ಲದೆ ಎಳೆದು ಕೂರಿಸಿದರೆ ನಮ್ಮೂರಿನಲ್ಲಿ ಸರಿ ಕಾಣಬಹುದು, ಆದರೆ ಈ ವ್ಯತ್ಯಾಸ ಎಲ್ಲ ಕಡೆ ಒಂದೇ ಅಲ್ಲ. ಹಾಸನದಲ್ಲಿ ಒಂದಿದ್ದರೆ ಕಾಶ್ಮೀರದಲ್ಲಿ ಇನ್ನೊಂದು. ಅದೂ ಅಲ್ಲದೆ ತಪ್ಪು ಗೆರೆಯನ್ನು ನಮಗೆ ಬೇಕಾದ ಕಡೆ ಎಳೆಯುವ ಅಭ್ಯಾಸ ಆದರೆ ಮುಂದೆ ನಿಜವಾಗಿ ಒತ್ತುವರಿ ಆದಾಗಲೂ ಗೊತ್ತಾಗುವುದಿಲ್ಲ. ಜ್ವರಕ್ಕೆ ಕಾರಣ ನೋಡದೆ ಪ್ಯಾರಾಸಿಟಮಾಲ್ ನುಂಗಿಸಿದ ಹಾಗೆ.

ಅವನು ಮಾಡಿದ್ದು ಮೂರು ಕೆಲಸ. ಮೊದಲು, ನಕ್ಷೆ ಮಾಡಿದವರಿಗೇ ಫೋನ್ ಮಾಡಿ, ಅಂಕಿ ಎಲ್ಲಿಂದ ತೆಗೆದದ್ದು ಎಂದು ಕೇಳಿದ. ಪಾಪ, ಅವರು ಮರೆಮಾಚದೆ ಹೇಳಿದರು. ಎರಡನೆಯದು, ಫೈಲಿಗೆ ಅದರ ನಿಜವಾದ ಚೀಟಿ ಅಂಟಿಸಿದ: ಇದು ಎವರೆಸ್ಟ್ ಡೇಟಮ್ ಎಂದು. ಆಮೇಲೆ ಅದನ್ನು ಡಬ್ಲ್ಯುಜಿಎಸ್ 84ಕ್ಕೆ ಪರಿವರ್ತಿಸು ಎಂದು ಸಾಫ್ಟ್‌ವೇರಿಗೆ ಹೇಳಿದ. ಹದಿನೆಂಟರಿಂದ ಭಾಗಿಸುವ ಹಾಗೆ ಇದಕ್ಕೂ ಸೂತ್ರ ಇದೆ, ಸ್ವಲ್ಪ ಉದ್ದದ್ದು ಅಷ್ಟೇ. ಮೂರನೆಯದು, ಜರುಗದ ವಸ್ತುಗಳನ್ನು ಹಿಡಿದು ತಾಳೆ ನೋಡಿದ. ದೇವಸ್ಥಾನದ ಮೂಲೆ, ಕೆರೆ ಏರಿಯ ಎರಡು ತುದಿ, ರಸ್ತೆ ಕೂಡುವ ಜಾಗ. ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು, ಕೆಲವು ಮೀಟರಿನ ವ್ಯತ್ಯಾಸ ಬಿಟ್ಟು. ಬಾವಿ ಗೆರೆಯ ಒಳಗೆ ಬಂತು. ನಲವತ್ತು ತೆಂಗಿನ ಮರವೂ ಬಂತು.

ಆ ಕೆಲವು ಮೀಟರ್ ಏನು ಎಂದು ನೀವು ಕೇಳಬಹುದು. ನಮ್ಮ ಗ್ರಾಮ ನಕ್ಷೆಗಳು ಸರಪಳಿ ಎಳೆದು ಮಾಡಿದವು. ನಲವತ್ತು ಗುಂಟೆ ಒಂದು ಎಕರೆ, ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಅವು ಹೊಲದಿಂದ ಹೊಲಕ್ಕೆ ಅಳೆದದ್ದೇ ಹೊರತು ಅಕ್ಷಾಂಶ ರೇಖಾಂಶ ನೋಡಿ ಬರೆದದ್ದಲ್ಲ. ಹಾಳೆ ಹಳೆಯದಾಗಿ ಹಿಗ್ಗಿರುತ್ತದೆ, ಮಡಿಕೆಯಲ್ಲಿ ಸವೆದಿರುತ್ತದೆ. ಅಂಥ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ "ಬೇಲಿ ಮೂರು ಅಡಿ ಒಳಗೆ ಬಂದಿದೆ" ಎಂದು ಹೇಳಲು ಬರುವುದಿಲ್ಲ. ಅದಕ್ಕೆ ಸರ್ಕಾರಿ ಸರ್ವೆಯರ್ ಬಂದು ಹದ್ದುಬಸ್ತು ಮಾಡಬೇಕು, ಬಾಂದು ಕಲ್ಲು ತೋರಿಸಬೇಕು, ಅಕ್ಕಪಕ್ಕದವರು ನಿಂತು ನೋಡಬೇಕು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆ ನಿವೇಶನಗಳನ್ನು ಡ್ರೋನ್ ಹಾರಿಸಿ ಅಳೆಯುತ್ತಿದ್ದಾರೆ. ಅಂದಮೇಲೆ ನಿಮ್ಮ ಮನೆಯ ವಾಟ್ಸಾಪಿಗೂ ಇಂಥ ನಕ್ಷೆಗಳು ಬರಲಿವೆ. ಆದ್ದರಿಂದ ಈಗಲೇ ಹೇಳುತ್ತಿದ್ದೇನೆ.

ನಮ್ಮ ಆಸ್ಪತ್ರೆಯಲ್ಲೂ ಇದೇ ಪಾಠ. ಕ್ಯಾನ್ಸರ್ ಹುಡುಕುವ ಪೆಟ್-ಸಿಟಿ ಸ್ಕ್ಯಾನ್ ಎಂದರೆ ಎರಡು ಪದರ: ಅಂಗಗಳ ಆಕಾರ ತೋರಿಸುವ ಸಿಟಿ ಒಂದು, ಎಲ್ಲಿ ಚಟುವಟಿಕೆ ಹೆಚ್ಚು ಎಂದು ತೋರಿಸುವ ಪೆಟ್ ಇನ್ನೊಂದು. ಸಿಟಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಪೆಟ್‌ಗೆ ಹಲವು ನಿಮಿಷ ಬೇಕು, ಅಷ್ಟು ಹೊತ್ತೂ ರೋಗಿ ಉಸಿರಾಡುತ್ತಿರುತ್ತಾನೆ, ಯಕೃತ್ತು ಮೇಲೆ ಕೆಳಗೆ ಜರುಗುತ್ತಿರುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಯಕೃತ್ತಿನ ಮೇಲ್ಭಾಗದ ಗಡ್ಡೆ ಶ್ವಾಸಕೋಶದ ತಳದಲ್ಲಿರುವಂತೆ ಕಾಣುವುದುಂಟು. ತಿಳಿದ ರೇಡಿಯಾಲಜಿಸ್ಟ್ "ಶ್ವಾಸಕೋಶಕ್ಕೂ ಹರಡಿದೆ" ಎಂದು ಬರೆಯುವ ಮೊದಲು, ಎರಡು ಚಿತ್ರ ತೆಗೆದಾಗ ಉಸಿರು ಎಲ್ಲಿತ್ತು ಎಂದು ನೋಡುತ್ತಾರೆ. ಆ ಒಂದು ಸಾಲಿನ ಮೇಲೆ ರೋಗಿಯ ಮುಂದಿನ ದಾರಿ ನಿಂತಿರುತ್ತದೆ.

ಕಲ್ಲು ನೋಡು

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಫೋನ್ ಮಾಡಿದೆ. ಎವರೆಸ್ಟ್, ಏರಿ, ಡೇಟಮ್ ಎಂದೆಲ್ಲ ವಿವರಿಸಲು ಹೊರಟೆ. ತಮ್ಮ ಅರ್ಧಕ್ಕೇ ನಿಲ್ಲಿಸಿ, "ಅದಿರಲಿ, ಊಟ ಆಯ್ತಾ?" ಅಂತ ಕೇಳಿದ. "ತಪ್ಪಾಯ್ತು ಕಣೋ" ಅಂದೆ. ಈ ಮಾತನ್ನು ನಾನು ಅವನಿಗೆ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ನಕ್ಷೆಯನ್ನು ಒಂದು ಲೆಕ್ಕದಿಂದ ಇನ್ನೊಂದಕ್ಕೆ ತರಲು ಸೂತ್ರ ಇದೆ. ಆಡಿದ ಮಾತನ್ನು ವಾಪಸ್ಸು ತರಲು ಇಲ್ಲ. ಅದಕ್ಕೆ ವಿಮಾನದ ಟಿಕೆಟ್ಟೇ ಬೇಕು.

ಮುಂದಿನ ಜನವರಿಯಲ್ಲಿ, ಸಂಕ್ರಾಂತಿಗೆ, ಊರಿಗೆ ಹೋದೆ. ಬಾವಿಯ ಹತ್ತಿರ ನಿಂತು ಅಭ್ಯಾಸಬಲದಿಂದ ಫೋನ್ ತೆಗೆದೆ. ತಮ್ಮ ನಕ್ಕ. "ಫೋನ್ ಒಳಗಿಡು ಅಣ್ಣಯ್ಯ, ಕಲ್ಲು ನೋಡು" ಎಂದು ಬೇಲಿಯ ಪೊದೆ ಸರಿಸಿ ತೋರಿಸಿದ. ಬಾಂದು ಕಲ್ಲು ಅಪ್ಪನ ಕಾಲದ ಜಾಗದಲ್ಲೇ ಇತ್ತು. ಅದರ ಬುಡದಲ್ಲಿ ಹೊಸ ಸುಣ್ಣ. ನಾನು ಫೋನ್ ಮಾಡಿದ ಮಾರನೆಯ ದಿನವೇ, ನಾನು ಬಂದು ನೋಡಿದಾಗ ಕಾಣಲಿ ಎಂದು ಅವನು ಸುಣ್ಣ ಬಳಿದಿದ್ದನಂತೆ. ಆಮೇಲೆ ಮಳೆ ಬಂದಾಗಲೆಲ್ಲ ಮತ್ತೆ ಬಳಿದಿದ್ದಾನೆ. ಇದನ್ನು ಹೇಳಿದವನು ಅವನಲ್ಲ, ಅವನ ಹೆಂಡತಿ.

ವಾಪಸ್ಸು ಬರುವಾಗ ವಿಮಾನದಲ್ಲಿ ಯೋಚಿಸಿದೆ. ನಾನು ಊರು ಬಿಟ್ಟದ್ದು 1998ರಲ್ಲಿ. ಇವತ್ತಿಗೂ ನಾನು ಊರನ್ನು ಅಳೆಯುವುದು ಆ ವರ್ಷದಿಂದಲೇ. ಅವನು ಅಳೆಯುವುದು ನಿನ್ನೆ ಕೆಟ್ಟ ಪಂಪ್‌ಸೆಟ್ಟಿನಿಂದ, ಈ ವರ್ಷ ಬಾರದ ಮಳೆಯಿಂದ. ನಮ್ಮಿಬ್ಬರ ಲೆಕ್ಕ ತಾಳೆಯಾಗದಿದ್ದಾಗ ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿರಲೇಬೇಕು ಎಂದೇನಿಲ್ಲ.

ಹಬ್ಬದ ಹೊತ್ತಿನಲ್ಲಿ ಊರಿಗೆ ಫೋನ್ ಮಾಡುತ್ತೀರಿ. ಜಮೀನಿನ ಮಾತು, ಮನೆಯ ಮಾತು ಬರುತ್ತದೆ. ಯಾರಾದರೂ ನಕ್ಷೆ ಕಳಿಸಿದರೆ ಕೋಪ ಬರುವ ಮೊದಲು ಮೂರು ಪ್ರಶ್ನೆ ಕೇಳಿ: ಇದನ್ನು ಅಳೆದದ್ದು ಯಾವ ಲೆಕ್ಕದಲ್ಲಿ? ನನ್ನ ಪರದೆಯ ಮೇಲಿನ ಚಿತ್ರ ಯಾವ ಲೆಕ್ಕದಲ್ಲಿದೆ? ಜರುಗಿರುವುದು ನನ್ನ ಬಾವಿ ಒಂದೋ, ಇಡೀ ಊರೋ? ಮೂರಕ್ಕೂ ಉತ್ತರ ಸಿಕ್ಕ ಮೇಲೂ ಅನುಮಾನ ಉಳಿದರೆ ಸರ್ವೆಯರನ್ನು ಕರೆಸಿ. ಅಲ್ಲಿ ಆಗ ರಾತ್ರಿ ಎಷ್ಟು ಗಂಟೆ ಎಂದು ನೋಡಿಕೊಂಡು ಫೋನ್ ಮಾಡಿ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ಸಿಹಿ ತಿನ್ನಿ, ಮಿತವಾಗಿ. ಮುಂದಿನ ವರ್ಷ ಸಂಪಾದಕರ ಇಚ್ಛೆಯಂತೆ ಮಂಡಿ ನೋವಿನ ಬಗ್ಗೆ ಬರೆಯುತ್ತೇನೆ.